75 ಪರ್ಸೆಂಟ್ ಪಟ್ಟಿ: ಹಡಗಿನಿಂದ ಕಾಲೇಜಿಗೆ ಬಂದ ಒಬ್ಬ ಕ್ಯಾಪ್ಟನ್

2023ರ ನವೆಂಬರ್ ಕೊನೆ. ಪರೀಕ್ಷೆಗೆ ಇನ್ನು ಆರೇಳು ವಾರ ಇತ್ತು. ನಮ್ಮ ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಪಟ್ಟಿ ಬಿತ್ತು. ಯಾವುದಾದರೂ ಒಂದು ವಿಷಯದಲ್ಲಿ ಹಾಜರಾತಿ 75 ಪರ್ಸೆಂಟಿಗಿಂತ ಕಡಿಮೆ ಇದ್ದವರ ಹೆಸರುಗಳು. ಅರವತ್ತಕ್ಕೂ ಜಾಸ್ತಿ ಇದ್ದವು. ಕೊನೆಯಲ್ಲಿ ಒಂದೇ ಸಾಲು: ಇವರಿಗೆ ಹಾಲ್ ಟಿಕೆಟ್ ಕೊಡುವುದಿಲ್ಲ. ಕೆಳಗೆ ನಿರ್ದೇಶಕರ ಸಹಿ.

ಆ ನಿರ್ದೇಶಕರು ನೌಕಾಪಡೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದು, ಎರಡು ಯುದ್ಧನೌಕೆಗಳನ್ನು ನಡೆಸಿ ಬಂದವರು. ನಮ್ಮ ಸೀಮೆಯವರೇ. ಅವರ ಹೆಸರನ್ನಾಗಲಿ, ಕಾಲೇಜಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಾನು ಅಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಆ ಪಟ್ಟಿಯಲ್ಲಿದ್ದ ಕೆಲವು ಹೆಸರುಗಳು ನನ್ನ ಹಾಜರಿ ಪುಸ್ತಕದಿಂದಲೇ ಹೋದವು. ಹಾಗಾಗಿ ಇದು ದೂರ ನಿಂತು ನೋಡಿದವನ ವರದಿ ಅಲ್ಲ.

ಸೇನೆಯಿಂದ ಬಂದವರನ್ನು ಶಾಲೆ ಕಾಲೇಜುಗಳ ಆಡಳಿತಕ್ಕೆ ಕರೆಯುವುದು ಈಗ ಜಾಸ್ತಿ ಆಗುತ್ತಿದೆ. 'ಶಿಸ್ತು ಬರುತ್ತದೆ' ಅನ್ನುವುದು ಎಲ್ಲರೂ ಕೊಡುವ ಕಾರಣ. ಆ ಒಂದು ಸೆಮಿಸ್ಟರಿನಲ್ಲಿ ಏನು ಬಂತು, ಏನು ಬರಲಿಲ್ಲ ಅಂತ ನೋಡಿದ್ದನ್ನು ನೋಡಿದ ಹಾಗೆ ಬರೆದಿಡುತ್ತೇನೆ.

ಕಾಲೇಜು, ಅಲ್ಲಿಗೆ ಬಂದವರು

ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನಲ್ಲಿರುವ ಅನುದಾನಿತ ಪದವಿ ಕಾಲೇಜು ಅದು. ಸಕಲೇಶಪುರ, ಆಲೂರು, ಬೇಲೂರು ಮೂರೂ ತಾಲ್ಲೂಕಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಸಣ್ಣ ಹಿಡುವಳಿದಾರರ ಮಕ್ಕಳು, ಕಾಫಿ ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು, ಆಲೂಗಡ್ಡೆ ಜೋಳ ಬೆಳೆಯುವ ಬಯಲು ಕಡೆಯವರು. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುತ್ತಿರುವವರೇ ಹೆಚ್ಚು. ಅನುದಾನದ ಹುದ್ದೆಯವರು ಒಬ್ಬೊಬ್ಬರೇ ನಿವೃತ್ತರಾಗಿ, ಅರ್ಧಕ್ಕಿಂತ ಹೆಚ್ಚು ಪಾಠ ಆಡಳಿತ ಮಂಡಳಿ ನೇಮಿಸಿಕೊಂಡ ಎಳೆಯ ಅಧ್ಯಾಪಕರ ಮೇಲೆ ನಿಂತಿತ್ತು. ಅವರ ಸಂಬಳದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕ್ಯಾಪ್ಟನ್ ಓದಿದ್ದು ವಿಜಯಪುರದ ಸೈನಿಕ ಶಾಲೆಯಲ್ಲಿ. 1963ರಲ್ಲಿ ಶುರುವಾದ ಆ ಶಾಲೆ ನಮ್ಮ ರಾಜ್ಯದ ಎಷ್ಟೋ ಹಳ್ಳಿ ಹುಡುಗರಿಗೆ ಸೇನೆಯ ಬಾಗಿಲು ತೆರೆದಿದೆ. ಏಳಿಮಲದ ನೌಕಾ ಅಕಾಡೆಮಿಯನ್ನು ನಡೆಸಿ, ಆಮೇಲೆ ಕೊಚ್ಚಿಯ ದಕ್ಷಿಣ ನೌಕಾ ಕಮಾಂಡಿನ ಮುಖ್ಯಸ್ಥರಾದ ವೈಸ್ ಅಡ್ಮಿರಲ್ ಎಂ.ಎ. ಹಂಪಿಹೊಳಿ ಅವರೂ ಅದೇ ಶಾಲೆಯವರು. ನಮ್ಮ ಕ್ಯಾಪ್ಟನ್ ಅಲ್ಲಿಂದ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಖಡಕ್‌ವಾಸ್ಲಾದ ಎನ್‌ಡಿಎಗೆ ಹೋದರು. ಮೂರು ವರ್ಷ ಅಲ್ಲಿ, ಆಮೇಲೆ ತರಬೇತಿ ಹಡಗು, ಆಮೇಲೆ ಸಮುದ್ರ. ನಡುವೆ ತಮಿಳುನಾಡಿನ ವೆಲ್ಲಿಂಗ್ಟನ್ನಿನಲ್ಲಿ ಸೇನಾ ಅಧಿಕಾರಿಗಳ ಸ್ಟಾಫ್ ಕಾಲೇಜು. ಕಮಾಂಡರ್ ಆಗಿದ್ದಾಗ ಕಾರ್ವೆಟ್ ಅನ್ನುವ ಸಣ್ಣ ಯುದ್ಧನೌಕೆ, ಕ್ಯಾಪ್ಟನ್ ಆದ ಮೇಲೆ ಅದಕ್ಕಿಂತ ದೊಡ್ಡದಾದ ಒಂದು ಫ್ರಿಗೇಟ್ ಅವರ ಕೈಗೆ ಬಂತು. ಇಲ್ಲಿ ಒಂದು ಮಾತು ಹೇಳಬೇಕು. ನೌಕಾಪಡೆಯ ಕ್ಯಾಪ್ಟನ್ ಅಂದರೆ ಭೂಸೇನೆಯ ಕರ್ನಲ್‌ಗೆ ಸಮ. ಭೂಸೇನೆಯ ಕ್ಯಾಪ್ಟನ್ ಇನ್ನೂ ಎಳೆಯ ಅಧಿಕಾರಿ. ನಮ್ಮ ಆಡಳಿತ ಮಂಡಳಿಯ ಸಭೆಯಲ್ಲೇ ಈ ಗೊಂದಲ ಆಗಿತ್ತು.

ಕೊನೆಯ ವರ್ಷಗಳಲ್ಲಿ ಅವರು ಏಳಿಮಲದಲ್ಲಿ ಕೆಡೆಟ್‌ಗಳಿಗೆ ತರಬೇತಿ ಕೊಡುತ್ತಿದ್ದರು. ಕೇರಳದ ಕಣ್ಣೂರು ಜಿಲ್ಲೆಯ ಆ ಅಕಾಡೆಮಿ 2009ರ ಜನವರಿ 8ರಂದು ಉದ್ಘಾಟನೆ ಆದದ್ದು. ಅಲ್ಲಿಯ ಹುಡುಗರಿಗೆ ಸಿಗುವುದು ಬಿ.ಟೆಕ್ ಪದವಿ, ಕೊಡುವುದು ದೆಹಲಿಯ ಜೆಎನ್‌ಯು. ಕಲಿಸುವ ಕೆಲಸ ಅವರಿಗೆ ಅಲ್ಲೇ ಹಿಡಿಸಿತು. ನೌಕಾಪಡೆಯಲ್ಲಿ ನಿವೃತ್ತಿ ಬೇಗ. ವೈಸ್ ಅಡ್ಮಿರಲ್‌ಗೆ 60, ರಿಯರ್ ಅಡ್ಮಿರಲ್‌ಗೆ 58. ಅದಕ್ಕಿಂತ ಕೆಳಗಿನವರು ಇನ್ನೂ ಮುಂಚೆ ಮನೆಗೆ ಬರುತ್ತಾರೆ. ಮೈಯಲ್ಲಿ ಶಕ್ತಿ ಇರುವಾಗಲೇ ಕೆಲಸ ಮುಗಿದಿರುತ್ತದೆ. ಇವರು ಊರಿಗೆ ಬಂದು, ಅಪ್ಪನ ಮೂರು ಎಕರೆ ಕಾಫಿ ನೋಡಿಕೊಂಡು ಒಂದು ವರ್ಷ ಇದ್ದರು. ಆಗ ನಮ್ಮ ಮಂಡಳಿಯವರು ಹೋಗಿ ಕೇಳಿದರು.

ಪ್ರಾಂಶುಪಾಲರನ್ನಾಗಿ ಮಾಡಲು ಸಾಧ್ಯ ಇರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಆ ಹುದ್ದೆಗೆ ಪಿಎಚ್.ಡಿ. ಬೇಕು, 15 ವರ್ಷದ ಬೋಧನೆ ಅಥವಾ ಸಂಶೋಧನೆಯ ಅನುಭವ ಬೇಕು, ಪ್ರಕಟವಾದ ಲೇಖನಗಳು ಬೇಕು. 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ 2022ರಲ್ಲಿ ಯುಜಿಸಿ ಒಂದು ದಾರಿ ತೆರೆದಿದೆ. ಅದರಲ್ಲಿ ಸೇನೆಯವರ ಹೆಸರೂ ಇದೆ. ಅದು ಪಾಠ ಮಾಡುವ ಹುದ್ದೆ, ಹೆಚ್ಚೆಂದರೆ ನಾಲ್ಕು ವರ್ಷ. ಆಡಳಿತಕ್ಕೆ ಅದು ಹೊಂದುವುದಿಲ್ಲ. ಕೊನೆಗೆ ಮಂಡಳಿ 'ನಿರ್ದೇಶಕರು' ಅಂತ ಒಂದು ಹುದ್ದೆ ಮಾಡಿತು. ಪ್ರಭಾರ ಪ್ರಾಂಶುಪಾಲರಾಗಿದ್ದ ಮೇಡಂ ತಮ್ಮ ಜಾಗದಲ್ಲೇ ಇದ್ದರು. ಒಂದೇ ಕಾಲೇಜಿಗೆ ಎರಡು ಕುರ್ಚಿ. ಯಾರ ಕೆಲಸ ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಶುರುವಾಗುತ್ತದೆ ಅಂತ ಯಾರೂ ಬರೆದಿಡಲಿಲ್ಲ. ಆ ಕಡತವನ್ನು ತಯಾರು ಮಾಡಿದವರಲ್ಲಿ ನಾನೂ ಒಬ್ಬ. ಮೊದಲ ತಪ್ಪು ಅಲ್ಲೇ ಆಯಿತು ಅಂತ ಈಗ ಅನಿಸುತ್ತದೆ.

ಪೆನ್ಸಿಲ್ ಗುರುತು

ಜೂನ್‌ನಲ್ಲಿ ಬಂದವರು ಮೊದಲ ವಾರ ಮಾಡಿದ್ದು ಶೌಚಾಲಯ, ನೀರಿನ ಟ್ಯಾಂಕು, ಹಾಸ್ಟೆಲ್ ಅಡುಗೆಮನೆ ಸುತ್ತುವುದು. ಹಡಗಿನಲ್ಲಿ ಕ್ಯಾಪ್ಟನ್ ವಾರಕ್ಕೊಮ್ಮೆ ಹೀಗೆ ಸುತ್ತುತ್ತಾರಂತೆ, ಮೂಲೆ ಮೂಲೆ ನೋಡುತ್ತಾರಂತೆ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಎರಡು ವರ್ಷದಿಂದ ಕೆಟ್ಟಿತ್ತು. ಮೂರು ದಿನದಲ್ಲಿ ಸರಿಯಾಯಿತು. ಇದಕ್ಕೆ ಯಾರ ತಕರಾರೂ ಇರಲಿಲ್ಲ.

ಹಾಸ್ಟೆಲಿನಲ್ಲಿ ಒಂದು ಪುಸ್ತಕ ಇಟ್ಟರು. ಸಮುದ್ರದಲ್ಲಿ ಹಡಗಿನ ಕ್ಯಾಪ್ಟನ್ ರಾತ್ರಿ ಮಲಗುವ ಮುಂಚೆ ಕೈಯಾರೆ ಒಂದು ಆದೇಶ ಬರೆಯುತ್ತಾನೆ. ಯಾವ ದಿಕ್ಕು, ಎಷ್ಟು ವೇಗ, ಯಾವ ಹೊತ್ತಿಗೆ ಯಾವ ದೀಪಸ್ತಂಭ ಕಾಣಬೇಕು, ಯಾವಾಗ ತನ್ನನ್ನು ಎಬ್ಬಿಸಬೇಕು. ನಾಲ್ಕು ನಾಲ್ಕು ಗಂಟೆಯ ಸರದಿಯಲ್ಲಿ ಕಾವಲಿಗೆ ಬರುವ ಅಧಿಕಾರಿಗಳು ಅದನ್ನು ಓದಿ ಸಹಿ ಮಾಡಬೇಕು. ಸಂಶಯ ಬಂದರೆ ಎಬ್ಬಿಸಿ ಅನ್ನುವ ಮಾತು ಅದರಲ್ಲಿ ಇದ್ದೇ ಇರುತ್ತದೆ. ಎಬ್ಬಿಸಿದವನಿಗೆ ಬೈಯುವ ಹಾಗಿಲ್ಲ. ಬೈದರೆ ಮುಂದಿನ ಸಲ ಅವನು ಎಬ್ಬಿಸುವುದಿಲ್ಲ, ಹಡಗು ಬಂಡೆಗೆ ಹೋಗುತ್ತದೆ. ಹಾಸ್ಟೆಲ್ ವಾರ್ಡನ್‌ಗೂ ಇವರು ಅದನ್ನೇ ಬರೆದುಕೊಟ್ಟರು. ಆಗಸ್ಟಿನ ಮಳೆಯಲ್ಲಿ ಒಬ್ಬ ಹುಡುಗಿಗೆ ರಾತ್ರಿ ಒಂದೂವರೆಗೆ ಜ್ವರ ಏರಿತು. ವಾರ್ಡನ್ ಹೆದರದೆ ಫೋನ್ ಮಾಡಿದರು. ಕ್ಯಾಪ್ಟನ್ ಜೀಪ್ ತಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮುಂಚೆಲ್ಲ ಬೆಳಗಾಗಲಿ ಅಂತ ಕಾಯುತ್ತಿದ್ದೆವು.

ಬಿಕ್ಕಟ್ಟು ಶುರುವಾದದ್ದು ಅಕ್ಟೋಬರ್‌ನಲ್ಲಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕೆಲಸಕ್ಕೆ ಅಂತ ಹಾಜರಿ ಪುಸ್ತಕಗಳನ್ನೆಲ್ಲ ಅವರ ಟೇಬಲ್ ಮೇಲೆ ಇಟ್ಟೆವು. ಅರ್ಧದಷ್ಟು ಪುಸ್ತಕಗಳಲ್ಲಿ ಪೆನ್ಸಿಲ್ ಗುರುತು ಇತ್ತು. ತಿಂಗಳ ಕೊನೆಯಲ್ಲಿ ಪೆನ್ನಿನಲ್ಲಿ ತಿದ್ದಿ ತುಂಬುವುದು ನಮ್ಮಲ್ಲಿ ಬಹಳ ದಿನದಿಂದ ನಡೆದುಬಂದದ್ದು. ಪಾಪದ ಮಕ್ಕಳಿಗೆ ಎರಡು ದಿನ ಹೆಚ್ಚು ಹಾಕುವುದು, ಆಗದವರಿಗೆ ಹಾಗೇ ಬಿಡುವುದು. ನಾನೂ ಮಾಡಿದ್ದೇನೆ. ಕರುಣೆ ಅಂತಲೇ ಅಂದುಕೊಂಡಿದ್ದೆ.

ಅವರು ನನ್ನ ಪುಸ್ತಕ ತೆಗೆದು ಕೇಳಿದರು. "ಮೇಷ್ಟ್ರೇ, ಹಡಗಿನ ಲಾಗ್ ಬುಕ್ಕಿನಲ್ಲಿ ಅಳಿಸೋ ಹಾಗಿಲ್ಲ. ತಪ್ಪಾದ್ರೆ ಒಂದು ಗೆರೆ ಎಳೆದು, ಸರಿ ಬರೆದು, ಪಕ್ಕದಲ್ಲಿ ಸಹಿ ಹಾಕ್ತೀವಿ. ತಪ್ಪು ಕಾಣಿಸ್ತಾ ಇರಬೇಕು. ಇಲ್ಲಿ ಏನು ನಡೆದಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಉತ್ತರ ಕೊಡಲಿಲ್ಲ ನಾನು.

ಮುಂದಿನ ವಾರದಿಂದ ಪ್ರತಿ ಪೀರಿಯಡ್ ಮುಗಿದ ತಕ್ಷಣ ಪೆನ್ನಿನಲ್ಲಿ ಹಾಜರಿ, ಸಂಜೆ ನಾಲ್ಕೂವರೆಗೆ ಎಲ್ಲ ಪುಸ್ತಕ ಅವರ ಕೋಣೆಯಲ್ಲಿ. ಐದು ವಾರ ಆದ ಮೇಲೆ ಪಟ್ಟಿ ಬಿತ್ತು. ಪ್ರಾಂಶುಪಾಲರ ಹತ್ತಿರ ಅವರು ಮಾತಾಡಿರಲಿಲ್ಲ. ನಮ್ಮ ಹತ್ತಿರವೂ ಇಲ್ಲ. ನಿಯಮ ಇದೆ, ಲೆಕ್ಕ ಇದೆ, ಆದೇಶ ಹೊರಡಿಸಿದೆ ಅನ್ನುವುದು ಅವರ ರೀತಿ.

ಈಗ ಯೋಚಿಸಿದರೆ ನಿಯಮದಲ್ಲಿ ಅವರು ತಪ್ಪಿರಲಿಲ್ಲ. 75 ಪರ್ಸೆಂಟ್ ವಿಶ್ವವಿದ್ಯಾಲಯದ್ದೇ ನಿಯಮ. ಅದನ್ನು ಪಾಲಿಸಿ ಅಂದ ಮೊದಲ ಮನುಷ್ಯ ಅವರು, ಅಷ್ಟೇ. ಆದರೆ ಹಡಗಿನಲ್ಲಿ ಆದೇಶ ಕೊಟ್ಟರೆ ಕೆಳಗಿನವರು 'ಆಯಿತು' ಅನ್ನುತ್ತಾರೆ, ಆಗದೇ ಇದ್ದರೆ ತಕ್ಷಣ ತಿರುಗಿ ಹೇಳುತ್ತಾರೆ. ಹೇಳದಿದ್ದರೆ ಅಲ್ಲೇ ಅಪಾಯ. ಕಾಲೇಜಿನಲ್ಲಿ ನಾವು ಯಾರೂ ತಿರುಗಿ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡೆವು. ಒಬ್ಬ ಹಿರಿಯ ಸಹೋದ್ಯೋಗಿ "ನೋಡೋಣ, ಎಲ್ಲಿವರೆಗೆ ಹೋಗುತ್ತೋ" ಅಂದರು. ಎಲ್ಲರಿಗೂ ಅದೇ ಮನಸ್ಸು. ಒಂದು ಸಂಸ್ಥೆಯಲ್ಲಿ ಇದಕ್ಕಿಂತ ಕೆಟ್ಟ ಮೌನ ಇನ್ನೊಂದಿಲ್ಲ.

ಪಟ್ಟಿ ಬಿದ್ದ ಎರಡನೇ ದಿನ ಮಕ್ಕಳು ಗೇಟಿನ ಮುಂದೆ ಕೂತರು. ಪ್ರಾಂಶುಪಾಲರ ಹತ್ತಿರ ಹೋದರೆ, "ಆದೇಶ ಅವರದು, ಅವರನ್ನೇ ಕೇಳಿ" ಅಂದರು. ಅವರಿಗೆ ಆದ ನೋವು ನನಗೆ ಅರ್ಥವಾಗುತ್ತದೆ. ಪರೀಕ್ಷೆಯ ಕಾಗದಗಳಿಗೆ ಸಹಿ ಮಾಡುವ ಅಧಿಕಾರ ಇದ್ದದ್ದು ಅವರಿಗೆ. ಪಟ್ಟಿಯನ್ನು ಅವರೂ ಬೋರ್ಡಿನಲ್ಲೇ ನೋಡಿದ್ದು.

ಇಲ್ಲಿ ದೊಡ್ಡ ಮಟ್ಟದ ಒಂದು ಉದಾಹರಣೆ ನೆನಪಾಗುತ್ತದೆ. ಅಮೆರಿಕದ ನೌಕಾಪಡೆಯ ಅಡ್ಮಿರಲ್ ವಿಲಿಯಂ ಮೆಕ್‌ರೇವನ್ 2015ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ವ್ಯವಸ್ಥೆಯ ಚಾನ್ಸಲರ್ ಆದರು. 14 ಸಂಸ್ಥೆಗಳ ಮುಖ್ಯಸ್ಥರು. ಹ್ಯೂಸ್ಟನ್ ನಗರದಲ್ಲಿ ಹೊಸ ಕೇಂದ್ರಕ್ಕೆ ಅಂತ 300 ಎಕರೆಗೂ ಹೆಚ್ಚು ಜಮೀನು ಕೊಳ್ಳುವ ಯೋಜನೆ ಘೋಷಿಸಿದರು. ನಮ್ಮನ್ನು ಮೊದಲೇ ಕೇಳಲಿಲ್ಲ ಅಂತ ಶಾಸಕರು ಸಿಟ್ಟಾದರು. ಆ ಊರಿನಲ್ಲೇ ಇದ್ದ ಇನ್ನೊಂದು ವಿಶ್ವವಿದ್ಯಾಲಯ ವಿರೋಧ ಮಾಡಿತು. 2017ರಲ್ಲಿ ಯೋಜನೆ ಬಿಟ್ಟರು. ಅದೇ ನೌಕಾಪಡೆಯ ಜೇಮ್ಸ್ ಸ್ಟಾವ್ರಿಡಿಸ್ 2013ರಿಂದ 2018ರವರೆಗೆ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಶಾಲೆಯ ಡೀನ್ ಆಗಿದ್ದರು. ಅವರು ಹರೆಯದಲ್ಲಿ ಪಿಎಚ್.ಡಿ. ಮಾಡಿದ್ದು ಅದೇ ಶಾಲೆಯಲ್ಲಿ. ಆ ಮನೆಯ ನೀರು ಕುಡಿದವರು. ನಮ್ಮ ದೇಶದಲ್ಲೂ ಭೂಸೇನೆಯ ಲೆಫ್ಟಿನೆಂಟ್ ಜನರಲ್ ಜಮೀರುದ್ದೀನ್ ಶಾ 2012ರಿಂದ 2017ರವರೆಗೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದರು. ಸೇನೆಯಿಂದ ಬಂದವರು ಆಗುವುದಿಲ್ಲ ಅನ್ನುವ ಮಾತಿಗೆ ಅರ್ಥ ಇಲ್ಲ. ಆದರೆ ಕಾಲೇಜಿನಲ್ಲಿ ಅಧಿಕಾರ ಒಂದೇ ಕಡೆ ಇರುವುದಿಲ್ಲ. ಅದು ತಿಳಿಯದೆ ಹೆಜ್ಜೆ ಇಟ್ಟರೆ ಒಳ್ಳೆಯ ಕೆಲಸವೂ ಮುರಿದು ಬೀಳುತ್ತದೆ.

ಡಿಸೆಂಬರ್ 4

ಡಿಸೆಂಬರ್ 4 ನೌಕಾಪಡೆ ದಿನ. 1971ರ ಯುದ್ಧದಲ್ಲಿ ಅದೇ ರಾತ್ರಿ ನಿಪಾತ್, ನಿರ್ಘಾತ್, ವೀರ್ ಅನ್ನುವ ಮೂರು ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಮೇಲೆ ದಾಳಿ ಮಾಡಿದವು. ಆ ನೆನಪಿಗೆ ಕ್ಯಾಪ್ಟನ್ ಮಕ್ಕಳಿಗೆ ಒಂದು ಉಪನ್ಯಾಸ ಇಟ್ಟುಕೊಂಡಿದ್ದರು. ಪ್ರತಿಭಟನೆ ನಡೆದಿದ್ದರೂ ರದ್ದು ಮಾಡಲಿಲ್ಲ. ಸೋಮವಾರ, ಮಧ್ಯಾಹ್ನದ ಮೇಲೆ. ಸಭಾಂಗಣ ತುಂಬಿತ್ತು.

ಮಾತು ನಡೆಯುತ್ತಿರುವಾಗ ಹಿಂದಿನ ಸಾಲುಗಳಲ್ಲಿ ಫೋನುಗಳು ಒಂದೊಂದಾಗಿ ಬೆಳಗತೊಡಗಿದವು. ಯಸಳೂರು ಕಡೆಯಿಂದ ಸುದ್ದಿ ಬಂದಿತ್ತು. ಕಾಡಾನೆಗೆ ರೇಡಿಯೋ ಕಾಲರ್ ಹಾಕುವ ಕಾರ್ಯಾಚರಣೆಯಲ್ಲಿ ಅರ್ಜುನ ತೀರಿಕೊಂಡಿದ್ದ. 2012ರಿಂದ 2019ರವರೆಗೆ ಎಂಟು ವರ್ಷ ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ನಮ್ಮ ತಾಲ್ಲೂಕಿನ ಕಾಡಿನಲ್ಲಿ ಒಂಟಿ ಸಲಗದ ಜೊತೆ ಕಾದಾಡಿ ಸತ್ತ. ಮಕ್ಕಳಲ್ಲಿ ಕೆಲವರು ಅಳುತ್ತಿದ್ದರು. ಕ್ಯಾಪ್ಟನ್ ಮಾತು ನಿಲ್ಲಿಸಿದರು. ಎಲ್ಲರೂ ಎದ್ದು ನಿಂತೆವು.

ಕೂರುವ ಮುಂಚೆ ಬಿ.ಕಾಂ. ಎರಡನೇ ವರ್ಷದ ಒಬ್ಬ ಹುಡುಗಿ ಮಾತಾಡಿದಳು. ಅವಳ ಹೆಸರು ಪಟ್ಟಿಯಲ್ಲಿತ್ತು.

"ಸಾರ್, ಅರ್ಜುನನಂಥ ಆನೆಗೇ ಹಿಂಗಾಯ್ತು. ನಮ್ಮೂರ ದಾರೀಲಿ ಬೆಳಗ್ಗೆ ಆನೆ ನಿಂತಿದ್ರೆ ನಾವು ಫಸ್ಟ್ ಅವರ್‌ಗೆ ಹೆಂಗೆ ಬರೋದು ಸಾರ್?"

ಅವಳ ದನಿಯಲ್ಲಿ ಜಗಳ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಕ್ಯಾಪ್ಟನ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಬೆಳಗ್ಗೆ ನಿಮ್ಮೂರಿಗೆ ಬರ್ತೀನಮ್ಮ" ಅಂದರು. ಸಂಜೆ ನನ್ನನ್ನು ಕರೆದು, "ಮೇಷ್ಟ್ರೇ, ನೀವೂ ಬನ್ನಿ. ನನಗಿಂತ ನಿಮಗೆ ಈ ಜನ ಗೊತ್ತು" ಅಂದರು. ಬಂದ ಆರು ತಿಂಗಳಲ್ಲಿ ಅವರು ನನ್ನನ್ನು ಜೊತೆಗೆ ಬನ್ನಿ ಅಂತ ಕರೆದದ್ದು ಅದೇ ಮೊದಲು.

ಏಳೂವರೆ ಬಸ್ಸು

ಮರುದಿನ ಬೆಳಗಿನ ಜಾವ ಹೋದೆವು. ಮಂಜು. ಅರೇಬಿಕಾ ಕೊಯ್ಲಿನ ಕಾಲ, ತೋಟದ ತುಂಬ ಜನ ಇರಬೇಕಾದ ಸಮಯ. ಲೈನ್ ಮನೆಗಳಿಂದ ಬಸ್ ಸ್ಟಾಪಿಗೆ ಮೂರು ಕಿಲೋಮೀಟರ್ ತೋಟದ ದಾರಿ. ಆ ಹುಡುಗಿಯ ಅಪ್ಪ ಫೋನ್ ತೋರಿಸಿದರು. ಹಿಂಡು ಎಲ್ಲಿದೆ ಅಂತ ರಾತ್ರಿಯೇ ಮೆಸೇಜ್ ಬಂದಿತ್ತು. "ಬೆಳಕು ಹರಿದು, ತೋಟದ ಲೆಕ್ಕ ನೋಡೋ ರೈಟರ್ ದಾರಿ ನೋಡ್ಕೊಂಡು ಬಂದ ಮೇಲೇ ಮಕ್ಳನ್ನ ಬಿಡ್ತೀವಿ ಸಾರ್. ಅಷ್ಟೊತ್ತಿಗೆ ಏಳೂವರೆ ಬಸ್ಸು ಹೋಗಿರ್ತದೆ" ಅಂದರು.

ಮುಂದಿನ ಬಸ್ಸು ಒಂಬತ್ತು ನಲವತ್ತಕ್ಕೆ. ಅದು ನಮ್ಮ ಊರು ಮುಟ್ಟುವಾಗ ಹತ್ತೂಮುಕ್ಕಾಲು. ಕಾಲೇಜು ಶುರುವಾಗುವುದು ಒಂಬತ್ತೂವರೆಗೆ. ಆ ವರ್ಷ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಆಗಿತ್ತು. ಅದರಿಂದಲೇ ಆ ಊರಿನ ಇಬ್ಬರು ಹುಡುಗಿಯರು ಡಿಗ್ರಿಗೆ ಸೇರಿದ್ದರು. ಹಾಸ್ಟೆಲ್ ಖರ್ಚು ಅವರ ಕೈಲಿ ಆಗುತ್ತಿರಲಿಲ್ಲ. ಬಸ್ಸು ಮಾತ್ರ ಅವೇ ಎರಡು.

ವಾಪಸ್ ಬಂದ ಮೇಲೆ ಕ್ಯಾಪ್ಟನ್ ಪಟ್ಟಿಯನ್ನು ಮತ್ತೆ ಹರಡಿಕೊಂಡರು. ಈ ಸಲ ಹೆಸರಿನ ಪಕ್ಕ ಊರು, ಬಸ್ಸು, ಮತ್ತು ಹಾಜರಿ ಕಡಿಮೆ ಇರುವ ವಿಷಯ ಯಾವ ಪೀರಿಯಡಿನಲ್ಲಿ ಬರುತ್ತದೆ ಅಂತ ಬರೆದೆವು. ಇಡೀ ಪ್ರಕರಣದ ಗಂಟು ಬಿಚ್ಚಿದ್ದು ಇಲ್ಲಿ. ಹಾಜರಾತಿ ಲೆಕ್ಕ ಮಾಡುವುದು ವಿಷಯವಾರು. ನಮ್ಮ ವೇಳಾಪಟ್ಟಿಯಲ್ಲಿ ಬಿ.ಕಾಂ.ನವರಿಗೆ ವಾರದ ನಾಲ್ಕು ದಿನವೂ ಮೊದಲ ಪೀರಿಯಡ್ ಒಂದೇ ವಿಷಯ. ಬಿ.ಎ.ಯವರಿಗೆ ಅದು ನನ್ನ ಅರ್ಥಶಾಸ್ತ್ರ. ಅದೇ ಹುಡುಗಿಗೆ ಮಧ್ಯಾಹ್ನದ ವಿಷಯಗಳಲ್ಲಿ 90ಕ್ಕೂ ಮೇಲೆ, ಬೆಳಗಿನ ಒಂದು ವಿಷಯದಲ್ಲಿ 50ರ ಹತ್ತಿರ. ಅವಳು ಬೇಕಂತಲೇ ಕಾಲೇಜು ತಪ್ಪಿಸಿದವಳಲ್ಲ. ನಮ್ಮ ವೇಳಾಪಟ್ಟಿಯೇ ಅವಳನ್ನು ಗೈರುಹಾಜರು ಮಾಡಿತ್ತು.

ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹೆಸರು ಇಂಥವೇ. ಎರಡು ಬಸ್ ದಾರಿಗಳಲ್ಲೇ ಸೇರಿಕೊಂಡಿದ್ದವು. ಇನ್ನೊಂದಿಷ್ಟು ಜನ ಅಕ್ಟೋಬರ್‌ವರೆಗೆ ಚೆನ್ನಾಗಿ ಬಂದು, ಕಾಫಿ ಹಣ್ಣು ಕುಯ್ಯುವ ಕೆಲಸಕ್ಕೆ ಹೋಗಿ ನವೆಂಬರ್‌ನಲ್ಲಿ ಕುಸಿದವರು. ಕುಯ್ದ ಕಿಲೋ ಲೆಕ್ಕದಲ್ಲಿ ಕೂಲಿ. ವರ್ಷದ ಫೀಸು, ಪುಸ್ತಕ ಎಲ್ಲ ಆ ಎರಡು ತಿಂಗಳಲ್ಲೇ ಹುಟ್ಟಬೇಕು. ಸುಮ್ಮನೆ ಬೈಕು ಹತ್ತಿ ತಿರುಗಿದವರು ಹತ್ತು ಹನ್ನೆರಡು ಜನ ಮಾತ್ರ. ನಾವು ಮೂರು ಥರದವರನ್ನು ಒಂದೇ ಕಾಗದದಲ್ಲಿ ಬರೆದು ಬೋರ್ಡಿಗೆ ಅಂಟಿಸಿದ್ದೆವು.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಪೆನ್ಸಿಲ್ ಕಾಲದಲ್ಲಿ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ತಿಂಗಳ ಕೊನೆಗೆ ನಾನು ಎರಡು ದಿನ ಸೇರಿಸುತ್ತಿದ್ದೆ, ಹುಡುಗಿ ಪಾಸಾಗಿ ಹೋಗುತ್ತಿದ್ದಳು, ಅವಳು ಕೇಳದೇ ಹೋದ ಪಾಠ ಹಾಗೇ ಉಳಿಯುತ್ತಿತ್ತು. ಕ್ಯಾಪ್ಟನ್ ಅವರ ಲೆಕ್ಕ ಸರಿ ಇದ್ದದ್ದಕ್ಕೇ ಕಾರಣ ಕಂಡಿತು. ಲೆಕ್ಕವನ್ನು ಓದುವ ಮುಂಚೆಯೇ ಶಿಕ್ಷೆ ಬರೆದದ್ದು ಅವರ ತಪ್ಪು.

ಟೇಬಲ್

ಅವತ್ತು ಸಂಜೆ ಅವರು ಪ್ರಾಂಶುಪಾಲರ ಕೋಣೆಗೆ ಹೋದರು. ನಾನೂ ಇದ್ದೆ. ನಿಂತುಕೊಂಡೇ ಹೇಳಿದರು.

"ಮೇಡಂ, ಗೊತ್ತಿಲ್ಲದ ಬಂದರಿಗೆ ಹೋಗುವಾಗ ಎಷ್ಟೇ ಅನುಭವ ಇರಲಿ, ಅಲ್ಲಿಯ ಪೈಲಟ್ ಹಡಗು ಹತ್ತುತ್ತಾನೆ. ನೀರು ಎಲ್ಲಿ ಆಳ, ಎಲ್ಲಿ ಮರಳು ಅಂತ ಅವನಿಗೇ ಗೊತ್ತು. ಅವನು ಹೇಳಿದ ಹಾಗೆ ತಿರುಗಿಸ್ತೀವಿ. ನಾನು ಇಲ್ಲಿಗೆ ಪೈಲಟ್ ಇಲ್ಲದೇ ಬಂದುಬಿಟ್ಟೆ. ತಪ್ಪಾಯ್ತು."

ಮೇಡಂ ತಕ್ಷಣ ಕರಗಲಿಲ್ಲ. ಆರು ತಿಂಗಳ ಮಾತೆಲ್ಲ ಅವರ ಮನಸ್ಸಿನಲ್ಲಿತ್ತು. "ಕೂತ್ಕೊಳಿ ಸಾರ್" ಅಂದರು. ಆಮೇಲೆ ಎರಡು ಗಂಟೆ ಮಾತಾಡಿದರು. ಜಗಳವೂ ಆಯಿತು.

ಕ್ಯಾಪ್ಟನ್ ಹಡಗಿನ ಒಂದು ಪದ್ಧತಿ ವಿವರಿಸಿದರು. ನಾವಿಕ ತಪ್ಪು ಮಾಡಿದರೆ ಅವನನ್ನು ಕ್ಯಾಪ್ಟನ್ ಟೇಬಲ್ ಮುಂದೆ ನಿಲ್ಲಿಸುತ್ತಾರೆ. ಅವನು ಒಬ್ಬನೇ ನಿಲ್ಲುವುದಿಲ್ಲ. ಪ್ರತಿ ನಾವಿಕನಿಗೂ ಒಬ್ಬ ಡಿವಿಜನಲ್ ಅಧಿಕಾರಿ ಇರುತ್ತಾನೆ. ಅವನ ಮನೆ, ರಜೆ, ಸಾಲ, ಆರೋಗ್ಯ ಎಲ್ಲ ತಿಳಿದಿರಬೇಕಾದವನು. ಶಿಕ್ಷೆ ಹೇಳುವ ಮುಂಚೆ ಆ ಅಧಿಕಾರಿ ಪಕ್ಕದಲ್ಲಿ ನಿಂತು ತನಗೆ ಗೊತ್ತಿರುವುದನ್ನು ಹೇಳಬೇಕು. ಗೊತ್ತಿಲ್ಲ ಅಂದರೆ ತಲೆ ತಗ್ಗಿಸಬೇಕಾದವನು ಅಧಿಕಾರಿ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಹೀಗೇ ಮಾಡೋಣ ಅಂದರು.

ಮೇಡಂ ಒಪ್ಪಿದರು, ಒಂದು ಷರತ್ತಿನ ಮೇಲೆ. "ಸಹಿ ಹಾಕೋದು ನಾನು. ಹಾಗಾಗಿ ಟೇಬಲ್ ನಂದು. ನೀವು ಪಕ್ಕದ ಕುರ್ಚೀಲಿ ಕೂತ್ಕೊಳಿ."

ಅವರು ಕೂತರು. ಮೂವತ್ತು ವರ್ಷ ನೌಕಾಪಡೆಯಲ್ಲಿ ಕಳೆದು, ಕ್ಯಾಪ್ಟನ್ ಕುರ್ಚಿಯಲ್ಲಿ ಕೂತು ಬಂದವರು. ನನ್ನ ಮಟ್ಟಿಗೆ ಅವರು ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಾದದ್ದು ಆ ಸಂಜೆ. ಜೂನ್‌ನಲ್ಲಿ ಸಿಕ್ಕಿದ್ದು ಬರೀ ಹುದ್ದೆ.

ಟೇಬಲ್ ನಾಲ್ಕು ದಿನ ನಡೆಯಿತು. ಒಬ್ಬೊಬ್ಬ ಅಧ್ಯಾಪಕರಿಗೆ ಏಳೆಂಟು ಮಕ್ಕಳು. ನನ್ನ ಪಾಲಿಗೆ ಎಂಟು ಜನ ಬಂದರು. ಮೂರು ದಿನ ಮುಂಚೆ ಗೊತ್ತಾಗಿದ್ದರಿಂದ ಎಲ್ಲರ ಮನೆಗೆ ಫೋನ್ ಮಾಡಿ ತಿಳಿದುಕೊಂಡೆ. ಅದಕ್ಕೂ ಮುಂಚೆ ಆ ಎಂಟರಲ್ಲಿ ನನಗೆ ಊರು ಗೊತ್ತಿದ್ದದ್ದು ಒಬ್ಬರದ್ದು. ಎರಡು ವರ್ಷ ಅವರಿಗೆ ಪಾಠ ಮಾಡಿದ್ದೆ. ಒಬ್ಬ ಹುಡುಗನ ತಾಯಿ ಡಯಾಲಿಸಿಸ್‌ಗೆ ಅಂತ ವಾರಕ್ಕೆ ಎರಡು ಸಲ ಹಾಸನಕ್ಕೆ ಹೋಗುತ್ತಿದ್ದರು, ಅವನೇ ಕರೆದುಕೊಂಡು ಹೋಗಬೇಕಿತ್ತು. ಅವನನ್ನು ನಾನು ಕ್ಲಾಸಿನಲ್ಲಿ ಸೋಮಾರಿ ಅಂತ ಕರೆದಿದ್ದೆ. ಟೇಬಲ್ ಮುಂದೆ ಅದನ್ನೂ ಹೇಳಿದೆ. ಹೇಳಲೇಬೇಕಿತ್ತು.

ತೀರ್ಮಾನ ಹೀಗಾಯಿತು. ನಿಯಮ ಸಡಿಲಿಸಲಿಲ್ಲ. ಬೆಳಗಿನ ವಿಷಯಗಳಿಗೆ ಮಧ್ಯಾಹ್ನದ ಮೇಲೆ ಹೆಚ್ಚುವರಿ ತರಗತಿ ಇಟ್ಟೆವು. ಪೂರ್ತಿ ಪಾಠ, ಪೂರ್ತಿ ಹಾಜರಿ, ಪೆನ್ನಿನಲ್ಲಿ. ಕೊಯ್ಲಿಗೆ ಹೋಗುವವರಿಗೆ ಭಾನುವಾರವೂ ಇಟ್ಟೆವು, ಅದರಲ್ಲಿ ಕೆಲವರು ಮಾತ್ರ ಬರಲು ಆಯಿತು. ಮುಂದಿನ ಸೆಮಿಸ್ಟರಿನಿಂದ ಮೊದಲ ಪೀರಿಯಡ್ ದಿನಕ್ಕೊಂದು ವಿಷಯ ಆಯಿತು. ಒಂದೇ ವಿಷಯದ ಮೇಲೆ ಪೆಟ್ಟು ಬೀಳುವುದು ನಿಂತಿತು. ಕಾಲೇಜು ಶುರುವಾಗುವ ಸಮಯವನ್ನೇ ಹತ್ತೂಮುಕ್ಕಾಲಿಗೆ ತಳ್ಳೋಣ ಅಂತ ಕ್ಯಾಪ್ಟನ್ ಹೇಳಿದರು. ಸಂಜೆ ಕೊನೆಯ ಬಸ್ಸು ತಪ್ಪುತ್ತದೆ, ಕತ್ತಲಲ್ಲಿ ಅದೇ ದಾರಿ ನಡೆಯಬೇಕಾಗುತ್ತದೆ ಅಂತ ಮೇಡಂ ಬೇಡ ಅಂದರು. ಅವರು ಹೇಳಿದ್ದೇ ಸರಿ.

ಕೊನೆಗೆ ಒಂಬತ್ತು ಜನರಿಗೆ ಹಾಲ್ ಟಿಕೆಟ್ ಸಿಗಲಿಲ್ಲ. ಅವರಲ್ಲಿ ಒಬ್ಬ ಆಡಳಿತ ಮಂಡಳಿಯ ಸದಸ್ಯರೊಬ್ಬರ ಹತ್ತಿರದ ಸಂಬಂಧಿ. ಫೋನುಗಳು ಬಂದವು. ಕ್ಯಾಪ್ಟನ್ ಎಲ್ಲ ಫೋನಿಗೂ ಒಂದೇ ಉತ್ತರ ಕೊಟ್ಟರು, ಮೇಡಂ ತೀರ್ಮಾನ ಮಾಡಿದ್ದಾರೆ, ನಾನು ಪಕ್ಕದಲ್ಲಿ ಇದ್ದೆ, ಸರಿಯಾಗಿದೆ. ಮೇಡಂ ಕೊಟ್ಟದ್ದೂ ಒಂದೇ ಉತ್ತರ, ಪುಸ್ತಕದಲ್ಲಿ ಪೆನ್ನಿನಲ್ಲಿ ಇದೆ, ಬಂದು ನೋಡಿ. ಒಬ್ಬರನ್ನು ಒತ್ತಿ ಇನ್ನೊಬ್ಬರ ಕೈಲಿ ಬದಲಿಸುವ ಹಳೆಯ ದಾರಿ ಮುಚ್ಚಿತ್ತು. ಗೇಟಿನ ಮುಂದೆ ಮತ್ತೆ ಯಾರೂ ಕೂರಲಿಲ್ಲ. ಆ ಒಂಬತ್ತು ಜನರಿಗೂ ತಮಗೆ ಯಾಕೆ ಸಿಗಲಿಲ್ಲ ಅಂತ ಗೊತ್ತಿತ್ತು.

ಆಗದೆ ಉಳಿದದ್ದು

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ.

ಮಂಡಳಿಯಿಂದ ನೇಮಕವಾದ ಅಧ್ಯಾಪಕರ ಸಂಬಳ ಬಹಳ ಕಡಿಮೆ, ಅದೂ ವರ್ಷಕ್ಕೆ ಹತ್ತು ತಿಂಗಳು. ಹೆಚ್ಚುವರಿ ತರಗತಿ, ಮನೆಗಳಿಗೆ ಫೋನ್, ಭಾನುವಾರದ ಪಾಠ ಎಲ್ಲ ಜಾಸ್ತಿ ಬಿದ್ದದ್ದು ಅವರ ಮೇಲೆ. ಹಡಗಿನಲ್ಲಿ ನಾವಿಕನ ಸಂಬಳ, ಊಟ, ಮನೆಯವರ ಆಸ್ಪತ್ರೆ ಎಲ್ಲ ಸರ್ಕಾರ ನೋಡಿಕೊಳ್ಳುತ್ತದೆ. ಕ್ಯಾಪ್ಟನ್ ಅದರ ಬಗ್ಗೆ ಯೋಚಿಸಬೇಕಾಗಿ ಬಂದದ್ದೇ ಇಲ್ಲ. ಇಲ್ಲಿ ಅವರು ಪೂರ್ತಿ ದುಡಿಮೆ ಕೇಳಿದರು, ಕೊಡಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಮಂಡಳಿಯ ಮುಂದೆ ಮೂರು ಸಲ ಸಂಬಳದ ಪ್ರಸ್ತಾಪ ಇಟ್ಟರು. ಒಮ್ಮೆ ಸ್ವಲ್ಪ ಏರಿತು. ಟೇಬಲ್ ಮುಂದೆ ತನ್ನ ಮಕ್ಕಳ ಪರವಾಗಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ ವಾಣಿಜ್ಯ ವಿಭಾಗದ ಎಳೆಯ ಅಧ್ಯಾಪಕಿ ಮಾರ್ಚ್‌ನಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಹೊರಟುಹೋದಳು. ಅವಳನ್ನು ಉಳಿಸಿಕೊಳ್ಳಲು ಆಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಸ್ಟಾಫ್ ರೂಮಿನಲ್ಲಿ ಒಂದಿಬ್ಬರು ಅವರನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರ ಮಾತಿನಲ್ಲೂ ನ್ಯಾಯ ಇದೆ. ಮಕ್ಕಳ ಹೆಸರನ್ನು ಹಾಗೆ ಬೋರ್ಡಿಗೆ ಹಾಕಿದ್ದಕ್ಕೆ ಇಬ್ಬರು ಹುಡುಗಿಯರ ಮನೆಯಲ್ಲಿ 'ಓದು ಸಾಕು' ಅನ್ನುವ ಮಾತು ಬಂದಿತ್ತು. ಒಬ್ಬಳನ್ನು ವಾಪಸ್ ಕರೆತಂದೆವು. ಇನ್ನೊಬ್ಬಳು ಬರಲಿಲ್ಲ. ಕ್ಯಾಪ್ಟನ್ ಅವಳ ಮನೆಗೆ ಎರಡು ಸಲ ಹೋದರು. ಅಷ್ಟರಲ್ಲಿ ಮದುವೆ ಗೊತ್ತಾಗಿತ್ತು.

ಎರಡು ವರ್ಷದ ಒಪ್ಪಂದ ಮುಗಿದ ಮೇಲೆ, 2025ರ ಮೇ ತಿಂಗಳಲ್ಲಿ ಅವರು ಹೊರಟರು. ಮುಂದುವರಿಯಿರಿ ಅಂತ ಮಂಡಳಿ ಕೇಳಿತು. ಈಗ ಪ್ರಾಂಶುಪಾಲರೇ ಎಲ್ಲ ನಡೆಸುತ್ತಿದ್ದಾರೆ, ಎರಡು ಕುರ್ಚಿ ಬೇಡ ಅಂದರು. ಹೋಗುವ ಮುಂಚೆ ಮೇಡಂ ಕೈಗೆ ಒಂದು ಹಸ್ತಾಂತರದ ಟಿಪ್ಪಣಿ ಕೊಟ್ಟರು. ಹಡಗು ಬಿಟ್ಟುಕೊಡುವಾಗ ಹೀಗೆ ಬರೆದುಕೊಡಲೇಬೇಕಂತೆ. ಏನು ಸರಿಯಿದೆ, ಏನು ಕೆಟ್ಟಿದೆ, ಎಲ್ಲಿ ಹುಷಾರಾಗಿರಬೇಕು ಅಂತ ಹನ್ನೊಂದು ಪುಟ, ಕೈಬರಹದಲ್ಲಿ.

ಬಾಕಿ ಕೆಲಸಗಳ ಪುಟದಲ್ಲಿ ಮೊದಲನೆಯದು ಬಸ್ಸು. ಏಳೂವರೆ ಬಸ್ಸನ್ನು ಎಂಟೂಕಾಲಿಗೆ ಹೊರಡಿಸಬೇಕು ಅಂತ ಕೊಟ್ಟ ಅರ್ಜಿಗಳ ತಾರೀಖು ಬರೆದಿದ್ದಾರೆ, ಆರು ಅರ್ಜಿ. ಒಂದು ಕಡೆ ತಾರೀಖು ತಪ್ಪಾಗಿದೆ. ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದ ತಾರೀಖು ಬರೆದು, ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕಿದ್ದಾರೆ. ಮೇಡಂ ಈ ಜೂನ್‌ನಲ್ಲಿ ಏಳನೇ ಅರ್ಜಿ ಬರೆದರು. ನಾನೂ ಅವರ ಜೊತೆ ಡಿಪೋಗೆ ಹೋಗಿದ್ದೆ.